ರನ್‌ಫ್ಲಾಟ್ ಬಿಟ್ಟು ಸಾದಾ ಟೈರಿಗೆ: ಕರಾವಳಿಯ ರಸ್ತೆಗೆ ಯಾವುದು ಹಿತ?

ಹೊಸ ಟೈರು ಹಾಕಿಸಿದ ಮೇಲೆ ನನ್ನ ಹಳೆಯ ಬಿಎಂಡಬ್ಲ್ಯು 5 ಸೀರೀಸ್ ಮತ್ತೆ ಆರಾಮದ ಕಾರಾಗಿದೆ. ಆದ್ದರಿಂದ ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ರನ್‌ಫ್ಲಾಟ್ ಟೈರುಗಳನ್ನು ತೆಗೆಸಿ, ಅದೇ 225/55 ಆರ್17 ಅಳತೆಯ ಸಾದಾ ಟ್ಯೂಬ್‌ಲೆಸ್ ಟೈರುಗಳನ್ನು, ಅಂದರೆ ಮಿಶೆಲಿನ್ ಪ್ರೈಮಸಿ 4 ಎಸ್‌ಟಿಯನ್ನು ಹಾಕಿಸಿದ್ದೇನೆ. ಮೂರನೆಯ ಆಯ್ಕೆಯಾಗಿದ್ದದ್ದು ಕಡಿಮೆ ಬೆಲೆಯ ಒಂದು ದೇಶೀ ಟೈರು. ಅದರ ಅನುಭವ ದೊರೆತದ್ದು ಮಣಿಪಾಲದಲ್ಲಿರುವ ಭಾವನ ಕಾರಿನಿಂದ. ಅವರದೂ ಇದೇ ಮಾದರಿಯ ಕಾರು, ನಾವಿಬ್ಬರೂ ಆಗಾಗ ಕಾರು ಅದಲುಬದಲು ಮಾಡಿಕೊಳ್ಳುವುದುಂಟು.

ರನ್‌ಫ್ಲಾಟ್‌ನ ಗುಟ್ಟೆಲ್ಲ ಅದರ ಸೈಡ್‌ವಾಲ್‌ನಲ್ಲಿ, ಅಂದರೆ ಟೈರಿನ ಪಕ್ಕದ ಗೋಡೆಯಲ್ಲಿದೆ. ಗಾಳಿ ಪೂರ್ತಿ ಇಳಿದರೂ ಕಾರಿನ ಭಾರವನ್ನು ಹೊರುವಂತೆ ಅದನ್ನು ದಪ್ಪ ರಬ್ಬರಿನಿಂದ ಗಟ್ಟಿ ಮಾಡಿರುತ್ತಾರೆ. ಆ ಸ್ಥಿತಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ದೂರ ಸಾಗಬಹುದು. ಆದರೆ ಗಾಳಿ ಇಲ್ಲದಾಗ ಕಾರನ್ನು ಎತ್ತಿಹಿಡಿಯುವ ಆ ಗಟ್ಟಿತನ, ಗಾಳಿ ಇರುವ ಉಳಿದೆಲ್ಲ ದಿನಗಳಲ್ಲಿ ರಸ್ತೆಯ ಪ್ರತಿಯೊಂದು ಪೆಟ್ಟನ್ನೂ ಸೀಟಿನವರೆಗೆ ತಲುಪಿಸುತ್ತದೆ. ಮಂಗಳೂರಿನ ಒಳರಸ್ತೆಗಳು ಬಹುಪಾಲು ಕಾಂಕ್ರೀಟಿನವಾದ್ದರಿಂದ ಹೊಂಡ ಕಡಿಮೆ ಎನ್ನುವುದು ನಿಜ. ಆದರೆ ಕಾಂಕ್ರೀಟಿನ ಹಲಗೆಗಳು ಕೂಡುವ ಕಡೆ ಏಳುವ ಸಣ್ಣ ಏರುತಗ್ಗನ್ನು ರನ್‌ಫ್ಲಾಟ್ ಒಂದನ್ನೂ ಬಿಡದೆ ಎಣಿಸುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆದ್ದಾರಿ 66ರಲ್ಲಿ ಸುರತ್ಕಲ್, ಮುಕ್ಕದ ಆಸುಪಾಸು ಹೇಗಿರುತ್ತದೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮ ಆಗ ಬಾಗಿಲ ಮೇಲಿನ ಹಿಡಿಯನ್ನು ಉಡುಪಿಯವರೆಗೂ ಬಿಡುತ್ತಿರಲಿಲ್ಲ. ಈಗ ಕೂಳೂರು ಸೇತುವೆ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿರುತ್ತದೆ. ಸಸ್ಪೆನ್ಶನ್‌ನಲ್ಲಿ ಒಂದು ಬೋಲ್ಟನ್ನೂ ಬದಲಿಸಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ರನ್‌ಫ್ಲಾಟ್‌ನ ಮತ್ತೊಂದು ಕಷ್ಟ ಪಂಕ್ಚರ್ ಅಂಗಡಿಯಲ್ಲಿ ಗೊತ್ತಾಗುತ್ತದೆ. ಪಡುಬಿದ್ರಿಯ ಬಳಿ ಒಮ್ಮೆ ಮೊಳೆ ಹೊಕ್ಕಾಗ ಹೊರಗಿನಿಂದಲೇ ಸ್ಟ್ರಿಪ್ ಹಾಕಿ ಕಳುಹಿಸಿದರು. ಗಾಳಿ ಮತ್ತೆ ನಿಧಾನವಾಗಿ ಇಳಿಯತೊಡಗಿದ್ದರಿಂದ, ಒಳಗಿನಿಂದ ಪ್ಯಾಚ್ ಹಾಕಿಸೋಣವೆಂದು ಇನ್ನೊಂದು ಕಡೆ ಟೈರು ಬಿಚ್ಚಿಸಲು ಹೋದರೆ, ಆ ಗಟ್ಟಿ ಅಂಚು ರಿಮ್ ಬಿಟ್ಟು ಮೇಲೇಳಲೇ ಇಲ್ಲ. ಒಬ್ಬ ಹುಡುಗ ಯಂತ್ರದ ಪೆಡಲ್ ಒತ್ತಿ ಹಿಡಿದಿದ್ದ, ಇನ್ನೊಬ್ಬ ಎರಡು ಕಬ್ಬಿಣದ ಪಟ್ಟಿ ತೂರಿಸಿ ಮೈಭಾರವನ್ನೆಲ್ಲ ಹಾಕಿದ್ದ; ಪಟ್ಟಿ ಜಾರಿ ಅಲಾಯ್ ರಿಮ್ಮಿನ ಮೇಲೆ ಬೆರಳುದ್ದದ ಗೀರು ಎಳೆಯಿತು. ಇಂಥ ಟೈರು ಬಿಚ್ಚಲು ಹೆಚ್ಚುವರಿ ತೋಳಿರುವ ಯಂತ್ರ ಬೇಕು, ಅದು ಎಲ್ಲ ಅಂಗಡಿಗಳಲ್ಲೂ ಇರುವುದಿಲ್ಲ. ಗಾಳಿಯಿಲ್ಲದೆ ಓಡಿಸಿದ ರನ್‌ಫ್ಲಾಟ್‌ನ್ನಂತೂ ರಿಪೇರಿ ಮಾಡಿಸದೆ ಬದಲಿಸುವುದೇ ಕ್ಷೇಮ. ಸೈಡ್‌ವಾಲ್ ಒಳಗಿನಿಂದ ಎಷ್ಟು ಬೆಂದಿದೆ ಎಂದು ಹೊರಗಿನಿಂದ ಹೇಳಲಾಗದು.

ಬೆಲೆಯ ವಿಷಯ: ನನಗೆ ಹೇಳಿದ ದರದಲ್ಲಿ ಒಂದು ರನ್‌ಫ್ಲಾಟ್‌ನ ಹಣಕ್ಕೆ ಒಂದೂವರೆ ಪ್ರೈಮಸಿ ಬರುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಟೈರುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದದ್ದು ಎರಡಕ್ಕೂ ಅನ್ವಯಿಸುವುದರಿಂದ ಅಂತರವೇನೂ ಬದಲಾಗಲಿಲ್ಲ. ಇದರ ಜೊತೆಗೆ, ಮಾರಾಟ ಕಡಿಮೆಯಿರುವ ಸರಕಾದ್ದರಿಂದ ರನ್‌ಫ್ಲಾಟ್‌ನ್ನು ಬೆಂಗಳೂರಿನಿಂದ ತರಿಸಿಕೊಡುತ್ತೇವೆಂದರು. ತರಿಸಿದ್ದನ್ನು ಒಪ್ಪಿಕೊಳ್ಳುವ ಮುನ್ನ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ನೋಡಿಕೊಳ್ಳಬೇಕು. 1824 ಎಂದಿದ್ದರೆ 2024ರ ಹದಿನೆಂಟನೆಯ ವಾರದಲ್ಲಿ ತಯಾರಾದದ್ದು ಎಂದರ್ಥ.

ದೇಶೀ ಟೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರರಲ್ಲಿ ಅಗ್ಗದ್ದು ಅದೇ, ಹೊಂಡದಲ್ಲಿ ರನ್‌ಫ್ಲಾಟ್‌ಗಿಂತ ಮೃದು, ಸವೆತವೂ ನಿಧಾನ. ಆದರೆ ಕಾಂಕ್ರೀಟ್ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ದಾಟಿದೊಡನೆ ದೂರದಲ್ಲಿ ಗಿರಣಿ ಓಡಿದಂಥ ಒಂದೇ ಸಮನೆಯ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಭಾವನಿಗೆ ಅದು ಕೇಳಿಸುವುದೇ ಇಲ್ಲ, ಏಕೆಂದರೆ ಅವರ ಕಾರಿನಲ್ಲಿ ಯಕ್ಷಗಾನದ ಚೆಂಡೆ ಸದಾ ಜೋರಾಗಿ ಮೊಳಗುತ್ತಿರುತ್ತದೆ. ಮೌನಕ್ಕಾಗಿಯೇ ಇಂಥ ಕಾರು ಕೊಂಡ ನನಗೆ ಮಾತ್ರ ಅದನ್ನು ಸಹಿಸಲಾಗಲಿಲ್ಲ.

ಮಳೆಯಲ್ಲಿ ಪ್ರೈಮಸಿಯ ಹಿಡಿತ ನಿರಾತಂಕವಾಗಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಮೊದಲು ಬರಬೇಕಾದ ಮಾತಾದರೂ, ಹೊಸದಾಗಿದ್ದಾಗ ಮೂರೂ ಟೈರುಗಳು ನೀರನ್ನು ಚೆನ್ನಾಗಿಯೇ ಹೊರಹಾಕುತ್ತವೆ. ವ್ಯತ್ಯಾಸ ಮಾಡುವುದು ಬ್ರಾಂಡಿಗಿಂತ ಹೆಚ್ಚಾಗಿ ಟೈರಿನ ಮೈಮೇಲಿನ, ನೀರು ಹರಿದುಹೋಗುವ ಗೀರುಗಳಲ್ಲಿ ಉಳಿದಿರುವ ಆಳ. ಕಾನೂನಿನ ಮಿತಿ 1.6 ಮಿಲಿಮೀಟರ್ ಇರಬಹುದು, ನಾನು ಮಾತ್ರ 3 ಮಿಲಿಮೀಟರಿಗೆ ಬಂದ ಟೈರನ್ನು ಜೂನ್ ತಿಂಗಳಿಗೆ ದಾಟಿಸುವುದಿಲ್ಲ.

ಇನ್ನು ಸಾದಾ ಟೈರಿನ ತಲೆನೋವಿಗೆ ಬರೋಣ: ಸ್ಟೆಪ್ನಿ. ರನ್‌ಫ್ಲಾಟ್‌ನ್ನು ನಂಬಿ ರೂಪಿಸಿದ ಈ ಕಾರಿನ ಡಿಕ್ಕಿಯ ತಳದಲ್ಲಿ ಸ್ಟೆಪ್ನಿ ಕೂರಿಸಲು ಗುಂಡಿಯಿಲ್ಲ. ಆ ಜಾಗದಲ್ಲಿ ಬ್ಯಾಟರಿಯಿದೆ. ಹಳೆಯದಾಗಿ ಕೊಂಡಾಗ ನನಗೆ ಜಾಕ್ ಆಗಲಿ ಸ್ಪ್ಯಾನರ್ ಆಗಲಿ ಸಿಕ್ಕಿರಲಿಲ್ಲ. ಟೈರು ಬದಲಿಸುವ ತೀರ್ಮಾನ ಅರ್ಧ ದಿನದ್ದಾದರೆ, ಸ್ಟೆಪ್ನಿ ಹೊಂದಿಸುವ ಕೆಲಸ ವಾರಗಟ್ಟಲೆ ಎಳೆಯಿತು.

ಮೊದಲು ಗುಜರಿ ಅಂಗಡಿಗಳಲ್ಲಿ ವಿಚಾರಿಸಿದೆ. ಐದು ಬೋಲ್ಟಿನ ಚಕ್ರವಾದರೆ ಸಾಕು, ಕೂರುತ್ತದೆ ಎಂಬ ಭರವಸೆ ಎಲ್ಲ ಕಡೆಯೂ ಸಿಕ್ಕಿತು. ಆದರೆ ನನ್ನ ಕಾರು 2017ರ ಮೊದಲಿನ ಎಫ್10 ಪೀಳಿಗೆಯದು, ಅದರ ಬೋಲ್ಟು ವೃತ್ತದ ಅಳತೆ 5×120, ಅಂದರೆ 120 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಐದು ಬೋಲ್ಟು. ಅದರ ಮುಂದಿನ ಪೀಳಿಗೆಯದು 5×112. ಎಂಟು ಮಿಲಿಮೀಟರ್ ಕಣ್ಣಿಗೆ ಕಾಣುವಂಥದ್ದಲ್ಲ, ಬೋಲ್ಟು ಹಾಕಲು ಹೊರಟಾಗಲೇ ತಿಳಿಯುವುದು. ಅಳತೆ ಸರಿಯಿದ್ದ ಸಣ್ಣ ಸ್ಟೆಪ್ನಿಯೊಂದು ಕೊನೆಗೆ ಸಿಕ್ಕಿತು, ಆದರೆ ಅದು ಮುಂದಿನ ಬ್ರೇಕ್ ಕ್ಯಾಲಿಪರಿಗೆ ತಾಗದೆ ತಿರುಗುತ್ತದೆಯೇ ಎಂದು ಅಂಗಡಿಯ ಅಂಗಳದಲ್ಲೇ ಕಾರು ಎತ್ತಿಸಿ ತಿರುಗಿಸಿ ನೋಡಿದ ಮೇಲೆಯೇ ಹಣ ಕೊಟ್ಟೆ. ನಂತರ 17 ಮಿಲಿಮೀಟರಿನ ಸ್ಪ್ಯಾನರ್ ಬೇಕಾಯಿತು. ಜಾಕಿನ ತಲೆ ಕಾರಿನಡಿಯ ಚೌಕಾಕಾರದ ಪ್ಲಾಸ್ಟಿಕ್ ತಾಣದಿಂದ ಜಾರದಿರಲು ಅದಕ್ಕೆಂದೇ ಮಾಡಿದ ರಬ್ಬರ್ ತುಂಡು ಬೇಕಾಯಿತು. ಇವೆಲ್ಲದರ ಖರ್ಚು ಸೇರಿಸಿದರೆ ಟೈರಿನಲ್ಲಿ ಉಳಿಸಿದ ಹಣದ ಸ್ವಲ್ಪ ಪಾಲು ಕರಗಿತು, ಪೂರ್ತಿ ಅಲ್ಲ.

ಇಷ್ಟೆಲ್ಲ ಆದ ಮೇಲೆ ಅದನ್ನು ಇಡುವುದೆಲ್ಲಿ? ಡಿಕ್ಕಿಯಲ್ಲಿ ಮಲಗಿಸಿದರೆ ಬೆಂಗಳೂರಿನ ಮಗಳ ಮನೆಗೆ ಒಯ್ಯುವ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನಹಣ್ಣಿಗೆ ಜಾಗ ಉಳಿಯುವುದಿಲ್ಲ; ನಿಲ್ಲಿಸಿದರೆ ತಿರುವಿನಲ್ಲಿ ಉರುಳಿ ಸದ್ದು ಮಾಡುತ್ತದೆ. ನಾನು ಕಂಡುಕೊಂಡ ವ್ಯವಸ್ಥೆ ಹೀಗಿದೆ: ತಲಪಾಡಿಯಿಂದ ಕುಂದಾಪುರದವರೆಗಿನ ಓಡಾಟಕ್ಕೆ ಪಂಕ್ಚರ್ ಕಿಟ್ ಮತ್ತು 12 ವೋಲ್ಟಿನ ಗಾಳಿ ಪಂಪ್ ಮಾತ್ರ, ಏಕೆಂದರೆ ಈ ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿಗೆ ಬರವಿಲ್ಲ. ಘಟ್ಟ ಹತ್ತುವ ದಿನ ಮಾತ್ರ ಸ್ಟೆಪ್ನಿಯನ್ನು ಪಟ್ಟಿಯಿಂದ ಬಿಗಿದು ಡಿಕ್ಕಿಗೆ ಹಾಕುತ್ತೇನೆ, ಹಲಸಿನಹಣ್ಣು ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗಕ್ಕೆ ಹೋಗುತ್ತದೆ. ಟೈರಿನ ಗಾಳಿ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲೇ ನಿಯಮ ಸಡಿಲಿಸಿದೆ. ಆದರೆ ಸೈಡ್‌ವಾಲ್ ಹರಿದರೆ ಯಾವ ಕಿಟ್ಟೂ ಕೆಲಸಕ್ಕೆ ಬಾರದು, ಮತ್ತು ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿಯವರೆಗಿನ ಕಾಡಿನಲ್ಲಿ ಮಳೆಗಾಲದ ರಾತ್ರಿ ಆ ನಿಯಮವನ್ನು ಓದಿಕೊಂಡು ಕೂರಲಾಗದು.

ಹಾಗಾಗಿ ನನ್ನ ಆಯ್ಕೆ ನನ್ನ ಓಡಾಟಕ್ಕೆ ಕಟ್ಟುಬಿದ್ದದ್ದು. ನನ್ನ ದಾರಿ ಹೆಚ್ಚಾಗಿ ಮಂಗಳೂರು–ಉಡುಪಿ, ಅದೂ ಹಗಲಿನಲ್ಲಿ, ಹಿಂದಿನ ಸೀಟಿನಲ್ಲಿ ವಯಸ್ಸಾದವರೊಡನೆ. ಒಬ್ಬರೇ ರಾತ್ರಿ ಹೊತ್ತು ವಾರವಾರ ಶಿರಾಡಿ ಹತ್ತಿಳಿಯುವವರಾದರೆ, ಗಟ್ಟಿ ಸವಾರಿಯನ್ನು ಸಹಿಸಿಕೊಂಡಾದರೂ ರನ್‌ಫ್ಲಾಟ್‌ನಲ್ಲೇ ಉಳಿಯಲಿ. ಗುಂಡ್ಯದಲ್ಲಿ ಗಾಳಿ ಇಳಿದರೂ ಕಾರಿನಿಂದ ಕೆಳಗಿಳಿಯದೆ ಬಿ.ಸಿ. ರೋಡು ಸೇರಬಹುದು. ಎರಡು ಬಗೆಯನ್ನೂ ಒಂದೇ ಕಾರಿಗೆ ಬೆರೆಸಿ, ಮುಂದೆ ಒಂದು ಹಿಂದೆ ಇನ್ನೊಂದು ಎಂದು ಹಾಕಿಸುವ ಯೋಚನೆ ಮಾತ್ರ ಬೇಡ. ತಿರುವಿನಲ್ಲಿ ಕಾರಿನ ಎರಡು ತುದಿಗಳೂ ಬೇರೆ ಬೇರೆ ರೀತಿಯಲ್ಲಿ ಬಾಗುತ್ತವೆ. ಭಾವ ಈ ಮಳೆಗಾಲಕ್ಕೆ ಮುನ್ನ ನಾಲ್ಕೂ ಟೈರು ಬದಲಿಸಲಿದ್ದಾರೆ, ನನ್ನ ಅಂಗಡಿಯ ವಿಳಾಸ ಕೇಳಿದ್ದಾರೆ. ಸ್ಟೆಪ್ನಿಯನ್ನು ಮಾತ್ರ ಕೊಳ್ಳದೆ ನನ್ನದನ್ನೇ ಬೇಕಾದಾಗ ಒಯ್ಯುತ್ತಾರಂತೆ.