ವಿಂಡೋಸ್ 10 ಮುಗಿದ ಮೇಲೆ: ಉಳಿಯುವುದೋ, 11ಕ್ಕೆ ಏರುವುದೋ, ಮಿಂಟ್ ಹಾಕುವುದೋ

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ನಿಂತದ್ದು 2025ರ ಅಕ್ಟೋಬರ್ 14ರಂದು, ತಲಕಾವೇರಿಯ ತೀರ್ಥೋದ್ಭವಕ್ಕೆ ಮೂರು ದಿನ ಮೊದಲು. ಅಲ್ಲಿಂದೀಚೆಗೆ ಕಂಪ್ಯೂಟರ್ ಇಟ್ಟುಕೊಂಡ ನಾಲ್ಕು ಜನ ಸೇರಿದಲ್ಲೆಲ್ಲ ಇದೇ ಜಗಳ. ಕಾಲಕ್ಕೆ ತಕ್ಕ ಕೋಲ ಕಟ್ಟಬೇಕು, ಹಳೆಯದನ್ನು ಎಸೆಯಿರಿ ಎನ್ನುವವರು ಒಂದು ಕಡೆ. ಓಡುತ್ತಿರುವ ಗಾಡಿಗೆ ಕೈ ಹಾಕಬೇಡಿ ಎನ್ನುವವರು ಇನ್ನೊಂದು ಕಡೆ. ನಡುವೆ, ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ (ಮಿಂಟ್ ಅದರದೇ ಒಂದು ಬಗೆ) ಹಾಕಿಬಿಡಿ ಎನ್ನುವವರು. ಆ ಯಂತ್ರಕ್ಕೆ ಯಾವ ಪ್ರಿಂಟರ್ ಸಿಕ್ಕಿಸಿದೆ, ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೂವರಲ್ಲಿ ಒಬ್ಬರೂ ಕೇಳುವುದಿಲ್ಲ. ನಿರ್ಧಾರ ಆಗಬೇಕಾದದ್ದು ಅಲ್ಲಿ.

ಹೋಲಿಕೆಗೆ ತೆಗೆದುಕೊಂಡದ್ದು ಕೊಡಗಿನ ಮನೆ, ತೋಟದ ಆಫೀಸುಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರು ಬಗೆಯ ಯಂತ್ರ. ಇಂಟೆಲ್ ಆರನೇ ತಲೆಮಾರಿನ ಐ3 ಲ್ಯಾಪ್‌ಟಾಪ್, 4 ಜಿಬಿ ರ್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ಎಂಟನೇ ತಲೆಮಾರಿನ ಐ5 ಡೆಸ್ಕ್‌ಟಾಪ್, 8 ಜಿಬಿ, ಎಸ್‌ಎಸ್‌ಡಿ. ಕೊನೆಗೆ, ತೋಟದ ಲೆಕ್ಕ ಬರೆಯುವ ರೈಟರ ಮೇಜಿನ ಮೇಲಿನ ಕೋರ್ 2 ಡ್ಯುಯೋ, ಇನ್ನೂ ವಿಂಡೋಸ್ 7. ಕೆಲಸ ಮೂರಕ್ಕೂ ಒಂದೇ: ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿಯ ಪಟ್ಟಿ) ಹಾಕಿದ ಎಕ್ಸೆಲ್, ಲೆಕ್ಕಪತ್ರದ ಟ್ಯಾಲಿ, ನುಡಿ ತಂತ್ರಾಂಶದಲ್ಲಿ ಬರೆದ ಪತ್ರ, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್, ಬ್ಯಾಂಕಿನ ವೆಬ್‌ಸೈಟ್.

ಹತ್ತರಲ್ಲೇ ಉಳಿಯುವುದು

ಇದನ್ನು ಸೋಮಾರಿತನ ಎಂದು ತಳ್ಳಿಹಾಕುವ ಹಾಗಿಲ್ಲ. ಮನೆಬಳಕೆಯವರಿಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಇದೆ. ಪಡೆಯಲು ಮೂರು ದಾರಿ: ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಉಚಿತ, ಇಲ್ಲವೇ 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್, ಅದೂ ಬೇಡವೆಂದರೆ 30 ಡಾಲರ್. ಒಂದೇ ಖಾತೆಯಲ್ಲಿ 10 ಯಂತ್ರಗಳವರೆಗೆ ಸೇರಿಸಬಹುದು. ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದರೆ 'ಎನ್‌ರೋಲ್ ನೌ' ಲಿಂಕ್ ಕಾಣಬೇಕು. ಕಾಣದಿದ್ದರೆ ಆವೃತ್ತಿ 22ಎಚ್2 ಹೌದೇ ಎಂದು ನೋಡಿ, ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಅಡ್ಮಿನ್ ಖಾತೆಯಿಂದ ಮತ್ತೆ ಪ್ರಯತ್ನಿಸಿ.

ಉಚಿತದ ದಾರಿಯಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಸಿಂಕ್ ಆನ್ ಮಾಡುವಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳೂ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಹೊರಡುತ್ತವೆ. ಅಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಮದುವೆಯ ಫೋಟೋಗಳೇ ಅದನ್ನು ತುಂಬಿಸುತ್ತವೆ, ಬೆಟ್ಟದ ಮರೆಯ ಮನೆಯ ಸಣ್ಣ ನೆಟ್ ದಿನವಿಡೀ ಉಸಿರುಗಟ್ಟುತ್ತದೆ. ಸೆಟ್ಟಿಂಗ್‌ಗಳನ್ನು ಮಾತ್ರ ಉಳಿಸಿ, ಫೋಲ್ಡರ್‌ಗಳ ಗುರುತನ್ನು ತೆಗೆದುಬಿಡಿ.

ಇಎಸ್‌ಯು ಕೊಡುವುದು ಭದ್ರತಾ ತೇಪೆ ಮಾತ್ರ, ಹೊಸ ಸೌಲಭ್ಯ ಏನೂ ಬರುವುದಿಲ್ಲ. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದಕ್ಕೆ ಇಎಸ್‌ಯು ಅನ್ವಯಿಸುವುದಿಲ್ಲ. ಹೊರಗಿನಿಂದ ಮೇಲ್‌ನಲ್ಲಿ ಬರುವ ಎಕ್ಸೆಲ್ ಫೈಲ್ ತೆರೆಯುವವರು ಇದನ್ನು ಮರೆಯಬಾರದು.

"ಏನೂ ಮಾಡದೆ ಹಾಗೇ ಬಿಟ್ಟರೆ?" ಎಂಬ ಪ್ರಶ್ನೆಗೆ ವಿಂಡೋಸ್ 7ರ ಇತಿಹಾಸವೇ ಉತ್ತರ. ಅದರ ಬೆಂಬಲ ಮುಗಿದದ್ದು 2020ರ ಜನವರಿ 14ಕ್ಕೆ, ಕ್ರೋಮ್ ಕೈಬಿಟ್ಟದ್ದು 2023ರ ಫೆಬ್ರವರಿಯಲ್ಲಿ. ನಡುವಿನ ಮೂರು ವರ್ಷ ಹೊರಗೆ ಯಾವ ಬದಲಾವಣೆಯೂ ಕಾಣಲಿಲ್ಲ. ಆಮೇಲೆ ವೆಬ್‌ಸೈಟ್‌ಗಳು ಒಂದೊಂದಾಗಿ 'ಬ್ರೌಸರ್ ಹಳೆಯದು' ಎನ್ನತೊಡಗಿದವು. ನಿಮ್ಮ ಯಂತ್ರ ಕೆಡದೆ ಓಡುತ್ತಿದೆ ಎಂಬುದು ಸುರಕ್ಷಿತವಾಗಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಬ್ಯಾಂಕಿಗೆ ಲಾಗಿನ್ ಆಗುವ ಯಂತ್ರವಾದರೆ ಇಎಸ್‌ಯು ಸೇರದೆ ಹಾಗೇ ಬಿಡುವುದನ್ನು ನಾವಂತೂ ಒಪ್ಪುವುದಿಲ್ಲ.

ಹನ್ನೊಂದಕ್ಕೆ ಏರುವುದು

ಬೇಕಾದದ್ದು ಟಿಪಿಎಂ 2.0 (ಕೀಗಳನ್ನು ಕಾಯುವ ಭದ್ರತಾ ಭಾಗ), ಸೆಕ್ಯೂರ್ ಬೂಟ್ (ನಂಬಲರ್ಹ ಸಿಸ್ಟಮ್ ಮಾತ್ರ ಏಳಲು ಬಿಡುವ ವ್ಯವಸ್ಥೆ) ಆಗುವ ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸ್, 4 ಜಿಬಿ ರ್ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್. ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಇದ್ದರೂ ಮೈಕ್ರೋಸಾಫ್ಟ್‌ನ ಪರೀಕ್ಷಾ ಆ್ಯಪ್ 'ಅರ್ಹವಲ್ಲ' ಎನ್ನುವುದು ಸಾಮಾನ್ಯ. ಹೆದರಿ ಹೊಸದು ಕೊಳ್ಳುವ ಮೊದಲು ಎರಡು ವಿಷಯ ನೋಡಿ.

ಮೊದಲನೆಯದು, ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲು ಓಡುವ ಬೋರ್ಡಿನದೇ ಸೆಟ್ಟಿಂಗ್ ಪುಟದಲ್ಲಿ) ಟಿಪಿಎಂ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದರೆ ಮುಗಿಯಿತು.

ಎರಡನೆಯದು ಸ್ವಲ್ಪ ತಲೆನೋವು. ಅಂಗಡಿಯವರು ಹಳೆಯ ರೂಢಿಯಂತೆ ಲೆಗಸಿ ಬೂಟ್ ಎಂಬ ಹಳೆಯ ವಿಧಾನದಲ್ಲಿ, ಎಂಬಿಆರ್ ಎಂಬ ಹಳೆಯ ವಿನ್ಯಾಸದ ಡಿಸ್ಕ್‌ನಲ್ಲಿ ವಿಂಡೋಸ್ ಹಾಕಿಕೊಟ್ಟಿರುತ್ತಾರೆ. ಸೆಕ್ಯೂರ್ ಬೂಟ್‌ಗೆ ಜಿಪಿಟಿ ಎಂಬ ಹೊಸ ವಿನ್ಯಾಸದ ಡಿಸ್ಕ್ ಬೇಕು. ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಉಪಕರಣ ಡೇಟಾ ಅಳಿಸದೆ ಇದನ್ನು ಬದಲಿಸುತ್ತದೆ. ಅಡ್ಮಿನ್ ಕಮಾಂಡ್ ಕಿಟಕಿಯಲ್ಲಿ ಮೊದಲು ವ್ಯಾಲಿಡೇಟ್, ಅದು ಪಾಸಾದರೆ ಮಾತ್ರ ಕನ್ವರ್ಟ್, ಎರಡರ ಜೊತೆಗೂ 'ಅಲೋಫುಲ್‌ಓಎಸ್' ಸ್ವಿಚ್ ಹಾಕಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಮೊದಲು ತಡೆಹಿಡಿಯಿರಿ. ವ್ಯಾಲಿಡೇಟ್ ಸೋಲುವುದಕ್ಕೆ ಬಹುಪಾಲು ಒಂದೇ ಕಾರಣ: ಡಿಸ್ಕನ್ನು ಸಿ, ಡಿ, ಇ ಎಂದು ತುಂಡು ಮಾಡಿ ಡಿ, ಇಗಳನ್ನು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಳಗೆ ಇಟ್ಟಿರುವುದು. ಈ ಉಪಕರಣ ಅದನ್ನು ಒಪ್ಪುವುದಿಲ್ಲ, ಪ್ರೈಮರಿ ಪಾರ್ಟಿಷನ್‌ಗಳೂ ಮೂರಕ್ಕಿಂತ ಹೆಚ್ಚಿರಬಾರದು. ಡಿ, ಇಗಳ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ಆ ಭಾಗಗಳನ್ನು ಅಳಿಸಿ, ಮತ್ತೆ ವ್ಯಾಲಿಡೇಟ್ ಮಾಡಿ.

ಕನ್ವರ್ಟ್ ಆದ ಮೇಲೆಯೇ ಬಯಾಸ್‌ನಲ್ಲಿ ಸಿಎಸ್‌ಎಂ (ಲೆಗಸಿ ಬೂಟ್‌ಗೆ ಅವಕಾಶ ಕೊಡುವ ಆಯ್ಕೆ) ಆಫ್, ಸೆಕ್ಯೂರ್ ಬೂಟ್ ಆನ್. ಕ್ರಮ ತಪ್ಪಿದರೆ ಬೂಟ್ ಆಗುವುದಿಲ್ಲ. ಗಾಬರಿ ಬೇಡ, ಸಿಎಸ್‌ಎಂ ವಾಪಸ್ ಆನ್ ಮಾಡಿದರೆ ಮೊದಲಿನಂತೆ ಏಳುತ್ತದೆ. ಬಹಳ ಹಳೆಯ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದ್ದರೆ ಸಿಎಸ್‌ಎಂ ಆಫ್ ಮಾಡಿದೊಡನೆ ಪರದೆ ಕಪ್ಪಾಗಬಹುದು. ಕಾರ್ಡ್ ಕಿತ್ತು ಬೋರ್ಡಿನದೇ ವಿಡಿಯೋ ಪೋರ್ಟ್‌ಗೆ ಕೇಬಲ್ ಹಾಕಿ.

ಇನ್ನು ಡೌನ್‌ಲೋಡ್. ವಿಂಡೋಸ್ 11ರ 24ಎಚ್2 ಆವೃತ್ತಿಯ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಬೇಕಾದ ಕಡತ) ಸುಮಾರು 5.4 ಜಿಬಿ. 4 ಎಂಬಿಪಿಎಸ್ ನಿಜವಾಗಿ ಸಿಕ್ಕರೆ ಮೂರು ಗಂಟೆ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಫೈಬರ್ ಇರುವ ಪರಿಚಯದವರ ಮನೆಯಲ್ಲಿ ಒಮ್ಮೆ ಇಳಿಸಿ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಹತ್ತು ಯಂತ್ರಕ್ಕೆ ಆಗುತ್ತದೆ.

ಕರೆಂಟಿನ ಲೆಕ್ಕ ಇದಕ್ಕಿಂತ ಮುಖ್ಯ. 600 ವಿಎ ಯುಪಿಎಸ್ ಡೆಸ್ಕ್‌ಟಾಪನ್ನು ಹತ್ತು ಹದಿನೈದು ನಿಮಿಷ ಹಿಡಿದೀತು. ರೀಸ್ಟಾರ್ಟ್ ಆಗಿ 'ಶೇಕಡಾ 30' ಎಂದು ನಿಲ್ಲುವ ಹಂತ ಎಸ್‌ಎಸ್‌ಡಿಯಲ್ಲಿ ಅರ್ಧ ಗಂಟೆಯ ಆಸುಪಾಸು, ಹಾರ್ಡ್‌ಡಿಸ್ಕ್‌ನಲ್ಲಿ ಒಂದು ಗಂಟೆ ಮೀರುತ್ತದೆ. ನಡುವೆ ಕರೆಂಟ್ ಹೋದರೆ ಸಾಮಾನ್ಯವಾಗಿ ಅದು ತಾನಾಗಿ ಹಿಂದಕ್ಕೆ ಸರಿದು 10ಕ್ಕೇ ಮರಳುತ್ತದೆ, ಹಾಳಾಗುವುದು ಸಮಯ. ಬಯಾಸ್ ಅಪ್‌ಡೇಟ್ ಮಾತ್ರ ಹಾಗಲ್ಲ. ಅದರ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಕೈ ಹಾಕಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿನ ಹೊತ್ತೂ ಬೇಡ.

ಹೊಸದಾಗಿ 24ಎಚ್2 ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಡೇಟಾ ಮರೆಮಾಡುವುದು) ತಾನಾಗಿ ಶುರುವಾಗುತ್ತದೆ. ಹತ್ತರಿಂದ ಮೇಲೇರಿಸಿದಾಗ ಹಾಗೆ ಆಗುವುದಿಲ್ಲ. ಇಲ್ಲಿನ ಥಂಡಿಯಲ್ಲಿ ಇದು ದೊಡ್ಡ ವಿಷಯ. ಮಳೆಗಾಲವಿಡೀ ಮುಚ್ಚಿಟ್ಟ ಡೆಸ್ಕ್‌ಟಾಪ್‌ನ ಬೋರ್ಡಿನ ಮೇಲಿನ ಸಿಆರ್2032 ಗುಂಡು ಬ್ಯಾಟರಿ ಸತ್ತು ಬಯಾಸ್ ಮೂಲಸ್ಥಿತಿಗೆ ಹೋಗುತ್ತದೆ, ಪಿಟಿಟಿ ಅಥವಾ ಸೆಕ್ಯೂರ್ ಬೂಟ್ ಬದಲಾಗುತ್ತದೆ, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ವರ್ಷದ ಟ್ಯಾಲಿ ಲೆಕ್ಕ ಅಲ್ಲೇ ಹೂತುಹೋಯಿತು. ಕೀಯನ್ನು ಕಾಗದಕ್ಕೆ ಬರೆದು ತೋಟದ ಪಟ್ಟೆ ಪತ್ರಗಳ ಜೊತೆ ಇಡಿ, ಇಲ್ಲವೇ ಎನ್‌ಕ್ರಿಪ್ಷನ್ ಆಫ್ ಮಾಡಿ. ಬ್ಯಾಟರಿಯನ್ನಂತೂ ಮೊದಲೇ ಬದಲಿಸಿ.

ಹೊಸ ಇನ್‌ಸ್ಟಾಲ್‌ನಲ್ಲಿ ಕನ್ನಡದ ಇನ್ನೊಂದು ಕಿರಿಕಿರಿ: ತುಂಗಾ ಫಾಂಟ್ ಕಾಣುವುದಿಲ್ಲ. ಹಳೆಯ ಪತ್ರಗಳು ನಿರ್ಮಲಾ ಎಂಬ ಬೇರೆ ಫಾಂಟ್‌ನಲ್ಲಿ ತೆರೆದು ಸಾಲು, ಪುಟ ಜರಗುತ್ತವೆ. ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿದರೆ ತುಂಗಾ ಬರುತ್ತದೆ. ಎಲ್‌ಬಿಪಿ 2900ಕ್ಕೆ 64 ಬಿಟ್ ಡ್ರೈವರ್ ಹಾಕಿದರೆ ಸಾಕು. ಇಷ್ಟವಾಗದಿದ್ದರೆ ಮೇಲೇರಿಸಿದ 10 ದಿನದೊಳಗೆ ಹಿಂದಕ್ಕೆ ಹೋಗಬಹುದು, ಆಮೇಲೆ ಆ ಬಾಗಿಲು ಮುಚ್ಚುತ್ತದೆ.

ಹಿಂಬಾಗಿಲಿನಿಂದ ಹನ್ನೊಂದು

ಆರನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ ರೂಫಸ್ ಎಂಬ ಉಪಕರಣದಲ್ಲಿ ಅರ್ಹತೆಯ ತಪಾಸಣೆ ತೆಗೆಸಿದ ಪೆನ್‌ಡ್ರೈವ್ ಮಾಡಿ 11 ಹಾಕಬಹುದು. ಹಾಕಿದರೆ ಓಡುತ್ತದೆ ಕೂಡ. ತಿಂಗಳ ಅಪ್‌ಡೇಟ್ ಬರುತ್ತವೆ, ಆದರೆ ಮೈಕ್ರೋಸಾಫ್ಟ್ ಅದಕ್ಕೆ ಖಾತರಿ ಕೊಡುವುದಿಲ್ಲ. ವರ್ಷದ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಐಎಸ್‌ಒ ಇಳಿಸಿ ಕೈಯಾರೆ ಹಾಕಬೇಕು. ಅಂದರೆ ಮತ್ತೆ ಆ ಮೂರು ಗಂಟೆ. 24ಎಚ್2ರಿಂದ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಎಂಬ ಸೂಚನೆಗಳ ಗುಂಪು ಇಲ್ಲದಿದ್ದರೆ ಬೂಟೇ ಆಗದು, ಹಾಗಾಗಿ ಕೋರ್ 2 ಡ್ಯುಯೋಗೆ ಈ ದಾರಿ ಇಲ್ಲ. 4 ಜಿಬಿ ರ್ಯಾಮ್, ತಿರುಗುವ ಡಿಸ್ಕ್ ಇದ್ದಲ್ಲಿ 11 ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆ ಲ್ಯಾಪ್‌ಟಾಪ್‌ಗೆ ಬೇಕಾದದ್ದು 256 ಜಿಬಿ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ್ಯಾಮ್. ಎರಡೂ ಹಾಕಿದ ಮೇಲೆ ಅದೇ ವಿಂಡೋಸ್ 10 ಬೇರೆಯೇ ಯಂತ್ರದಂತೆ ಏಳುತ್ತದೆ, 'ನಿಧಾನ' ಎಂಬ ದೂರಿನ ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತದೆ.

ಮಿಂಟ್

ಲಿನಕ್ಸ್ ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ಐಎಸ್‌ಒ 3 ಜಿಬಿಯ ಒಳಗೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪ. 4 ಜಿಬಿ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ, 8 ಜಿಬಿ ಇದ್ದರೆ ಸಿನಮನ್. ಕೋರ್ 2 ಡ್ಯುಯೋದಲ್ಲೂ 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ನಡೆಯುತ್ತದೆ, ವಿಡಿಯೋ ಮಾತ್ರ ತಡವರಿಸುತ್ತದೆ. ಆ ಯಂತ್ರಕ್ಕೆ ಬೇರೆ ಮರ್ಯಾದೆಯ ದಾರಿಯೂ ಇಲ್ಲ. ವಿಂಡೋಸ್ 7ರ ಕೀ ಕೊಟ್ಟು 10 ಸಕ್ರಿಯಗೊಳಿಸುವುದನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದೆ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಒಂದು ದಿನ ಓಡಿಸಿ ನೋಡಿ. ವೈಫೈ, ಶಬ್ದ, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ. ವಿಂಡೋಸ್ ಪಕ್ಕದಲ್ಲೇ ಇಡುವುದಾದರೆ ಮೊದಲು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು, ಇಲ್ಲದಿದ್ದರೆ ಆ ಡಿಸ್ಕಿನ ಫೈಲ್‌ಗಳನ್ನು ಮಿಂಟ್‌ನಿಂದ ಓದಬಹುದು, ಬರೆಯಲಾಗದು. ಎರಡೂ ಇದ್ದ ಯಂತ್ರದಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತದೆ. ಮಿಂಟ್ ಬೋರ್ಡಿನ ಗಡಿಯಾರವನ್ನು ಯುಟಿಸಿ (ಜಾಗತಿಕ ಸಮಯ) ಎಂದುಕೊಳ್ಳುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಮಿಂಟ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂಬ ಕಮಾಂಡ್ ಮೂಲಕ ಸ್ಥಳೀಯ ಸಮಯಕ್ಕೆ ಬದಲಿಸಿದರೆ ಸರಿ.

ಕನ್ನಡದ ವಿಷಯದಲ್ಲಿ ಮಿಂಟ್ ಹಿಂದೆ ಬಿದ್ದಿದೆ ಎನ್ನುವವರು ಹಾಕಿ ನೋಡಿಲ್ಲ. ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲೇ ಕನ್ನಡ ಕಗಪ ಇದೆ, ನುಡಿಗೆ ಒಗ್ಗಿದ ಬೆರಳಿಗೆ ಅದು ಹೊಸದೇನಲ್ಲ. ಗುಬ್ಬಿ, ನವಿಲು ಫಾಂಟ್‌ಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ. ತೊಡಕಿರುವುದು ಯುನಿಕೋಡ್ ಪೂರ್ವದ ನುಡಿ ಫೈಲ್‌ಗಳಲ್ಲಿ. ಅಲ್ಲಿ ಕನ್ನಡ ಅಕ್ಷರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ, ಫಾಂಟ್ ಇಲ್ಲದಿದ್ದರೆ ಪುಟ ತುಂಬ ಅಡ್ಡಾದಿಡ್ಡಿ ಚಿಹ್ನೆ. ನುಡಿಯ ಟಿಟಿಎಫ್ ಫಾಂಟ್ ಕಡತವನ್ನು ಮಿಂಟ್‌ಗೂ ಹಾಕಿದರೆ ಓದಲು, ಪ್ರಿಂಟ್ ತೆಗೆಯಲು ಆಗುತ್ತದೆ. ತಿದ್ದಬೇಕಾದರೆ ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಓದಿ ತಾಳೆ ನೋಡಿ. ಸರ್ವೆ ನಂಬರಿನ ಪತ್ರದಲ್ಲಿ ಹೆಸರು ಒಂದಕ್ಷರ ತಪ್ಪಿದರೂ ಕಚೇರಿಯಲ್ಲಿ ಇನ್ನೊಂದು ಸುತ್ತು ತಿರುಗಬೇಕು.

ಮಿಂಟ್ ಸೋಲುವ ಜಾಗ ಎರಡು. ಟ್ಯಾಲಿ ವಿಂಡೋಸ್‌ನದು. ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಮೂಲಕ ಓಡಿಸುವ ಪ್ರಯತ್ನಗಳಿವೆ, ಆದರೆ ಜಿಎಸ್‌ಟಿ ಲೆಕ್ಕವನ್ನು ಅದರ ಮೇಲೆ ನಿಲ್ಲಿಸಬೇಡಿ. ಎರಡನೆಯದು ಎಲ್‌ಬಿಪಿ 2900. ಅದು ಮಾತಾಡುವುದು ಕ್ಯಾನನ್‌ನ ಕ್ಯಾಪ್ಟ್ ಎಂಬ ಸ್ವಂತ ಭಾಷೆ, ಸಾಮಾನ್ಯ ಡ್ರೈವರ್‌ಗೆ ಅರ್ಥವಾಗದು. ಒದ್ದಾಡಿ ಹಾಕಿದರೂ ಒಂದು ಪುಟ ಬಂದು ಮುಂದಿನದು ಸಾಲಿನಲ್ಲೇ ನಿಂತಿರುತ್ತದೆ. ಎಚ್‌ಪಿ ಪ್ರಿಂಟರ್‌ಗಳು ಬಹುತೇಕ ಸಿಕ್ಕಿಸಿದೊಡನೆ ನಡೆಯುತ್ತವೆ, ಎಪ್ಸನ್ ಎಲ್ ಸರಣಿಗೂ ಡ್ರೈವರ್ ಇದೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ತಯಾರಕರ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಅಪ್‌ಡೇಟ್ ವಿಷಯದಲ್ಲಿ ಮಾತ್ರ ಮಿಂಟ್ ಎಲ್ಲರಿಗಿಂತ ಮೇಲು. ಬಲವಂತದ ರೀಸ್ಟಾರ್ಟ್ ಇಲ್ಲ. ಮಿಂಟ್‌ನಲ್ಲಿರುವ ಟೈಮ್‌ಶಿಫ್ಟ್ ಎಂಬ ಉಪಕರಣದಲ್ಲಿ ಮೊದಲೇ ಒಂದು ಪ್ರತಿ ತೆಗೆದಿಟ್ಟರೆ, ಕೆಟ್ಟಾಗ ಹತ್ತು ನಿಮಿಷದಲ್ಲಿ ನಿನ್ನೆಯ ಸ್ಥಿತಿಗೆ ಮರಳಬಹುದು. ಅದು ಸಿಸ್ಟಮ್‌ನ ಪ್ರತಿ, ನಿಮ್ಮ ಫೈಲ್‌ಗಳದ್ದಲ್ಲ ಎಂಬುದು ನೆನಪಿರಲಿ.

ಯಾವುದಕ್ಕೆ ಯಾವುದು

ಎಂಟನೇ ತಲೆಮಾರಿನ ಡೆಸ್ಕ್‌ಟಾಪ್‌ಗೆ 11, ಅನುಮಾನವೇ ಬೇಡ. ಟ್ಯಾಲಿ ಇರುವ ಆರನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿ ಇಎಸ್‌ಯು ಸೇರಿಸಿ, 2026ರ ಅಕ್ಟೋಬರ್ 13ರೊಳಗೆ ಟ್ಯಾಲಿಯನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಆಮೇಲೆ ಇದಕ್ಕೆ ಮಿಂಟ್. ಟ್ಯಾಲಿ ಇಲ್ಲದಿದ್ದರೆ ಈಗಲೇ ಮಿಂಟ್. ಯಾವುದನ್ನೇ ಮಾಡಿ, ಕಾಫಿ ಕೊಯ್ಲಿನ ಸಂಬಳದ ವಾರದಲ್ಲಿ ಬೇಡ, ಮಾರ್ಚ್ ಕೊನೆಯ ಲೆಕ್ಕದ ಹೊತ್ತಿನಲ್ಲೂ ಬೇಡ. ಏಪ್ರಿಲ್ ಮೊದಲ ವಾರಗಳ ಬೆಳಗಿನ ಹೊತ್ತು ಸರಿಯಾದ ಸಮಯ.

ಕಣದ ಪಕ್ಕ ತೂಕದ ಯಂತ್ರಕ್ಕೆ ಸೀರಿಯಲ್ ಕೇಬಲ್‌ನಲ್ಲಿ ಕಟ್ಟಿಹಾಕಿದ ಹಳೆಯ ಪಿಸಿ ಇದ್ದರೆ ಅದನ್ನು ಮೇಲೇರಿಸುವ ಗೋಜಿಗೇ ಹೋಗಬೇಡಿ. ಲ್ಯಾನ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಹಾಗೇ ಓಡಲು ಬಿಡಿ. ತೂಕದ ಫೈಲ್ ಸಾಗಿಸಲು ಒಂದೇ ಒಂದು ಪೆನ್‌ಡ್ರೈವ್ ಮೀಸಲಿಡಿ, ಅದನ್ನು ಫೋಟೋ ಅಂಗಡಿಗೆ ಒಯ್ಯಬೇಡಿ.