ಮೂರು ಫೋನಿನ ಡೆಮೊ ನೋಡಿ ಅಡ್ವಾನ್ಸ್ ಕೊಡ್ಬೇಡಿ ಮಾರಾಯ್ರೆ

ಫೋನನ್ನೇ ಕಂಟ್ರೋಲರ್ ಮಾಡಿ ಆಡುವ ಪಾರ್ಟಿ ಗೇಮ್ ಮಾಡಿಸ್ಲಿಕ್ಕೆ ಹೊರಟವರು ಓದಿ. ಸುರತ್ಕಲ್ ಕಡೆಯ ಒಂದು ಮೆಹಂದಿಗೆ ಕಂಬಳದ ಗೇಮ್. ಕ್ಯೂಆರ್ ಸ್ಕ್ಯಾನ್ ಮಾಡಿ ಫೋನ್ ಅಲ್ಲಾಡಿಸಿದ ಹಾಗೆ ಪ್ರೊಜೆಕ್ಟರ್‌ನಲ್ಲಿ ಕೋಣ ಓಡ್ಬೇಕು, ಅಷ್ಟೇ. 40 ಜನಕ್ಕೆ ಅಂತ ಮೊದಲೇ ಹೇಳಿದ್ದು. ಗೇಮ್ ಮಾಡಿಕೊಡುವ ಡೆವಲಪರ್‌ಗೆ 18,000 ಅಡ್ವಾನ್ಸ್ ಜೀಪೇ ಆಯ್ತು. ಹೋಯ್ತು.

ಡೆಮೊ ಭರ್ಜರಿ! ಅವನೇ ತಂದ ಮೂರು ಆಂಡ್ರಾಯ್ಡ್ ಫೋನ್, ಅವನದ್ದೇ ಹಾಟ್‌ಸ್ಪಾಟ್. ಅಡ್ರೆಸ್ ಬಾರಿನಲ್ಲಿ ಬರೀ ಎಚ್‌ಟಿಟಿಪಿ, ಮುಂದೆ 192.168 (ಅದೇ ನೆಟ್‌ವರ್ಕಿನ ಒಳಗೆ ಮಾತ್ರ ಸಿಗುವ ವಿಳಾಸ) ಅಂತ ಕಾಣ್ತಾನೇ ಇತ್ತು. ವೆಬ್ ಕೆಲಸ ಮಾಡಿಯೇ ಹೊಟ್ಟೆ ಹೊರೆಯುವ ನನಗೇ ಅದು ಹೊಳೀಲಿಲ್ಲ ಅಂದ್ರೆ ಎಂತ ಹೇಳುದು.

ಎಚ್‌ಟಿಟಿಪಿಎಸ್ (ಸುರಕ್ಷಿತ ಕನೆಕ್ಷನ್) ಇಲ್ಲದ ಪೇಜಿಗೆ ಬ್ರೌಸರ್ ಮೋಷನ್ ಸೆನ್ಸರ್ ಕೊಡುದಿಲ್ಲ. ಮತ್ತೆ ಡೆಮೊದಲ್ಲಿ ಹೇಗೆ ಓಡಿತು? ಆ ಮೂರು ಫೋನಿನ ಕ್ರೋಮ್‌ನಲ್ಲಿ ತನ್ನ ವಿಳಾಸವನ್ನು ಸುರಕ್ಷಿತ ಅಂತ ನಂಬುವ ಹಾಗೆ ಫ್ಲ್ಯಾಗ್ (ಒಳಗಿನ ಸೆಟ್ಟಿಂಗ್) ಬದಲಿಸಿ ತಂದಿದ್ದ! ಗೊತ್ತಾದದ್ದು ಮೆಹಂದಿಯ ರಾತ್ರಿ, ಪ್ರೊಜೆಕ್ಟರ್ ಎದುರು, ಎಲ್ಲರೂ ಫೋನ್ ಅಲ್ಲಾಡಿಸ್ತಾ ನಿಂತಾಗ. ಮೂರೇ ಕೋಣ ಓಡಿದ್ದು. ಅವನ ಮೂರು.

"ನಿಮ್ಮ ಗೆಸ್ಟ್‌ಗಳ ಫೋನ್ ಹಳತು ಸರ್." ಹೋದ ತಿಂಗಳು ತಕೊಂಡ ಐಫೋನ್ ಹಳತಾ? ಐಒಎಸ್ 13ರಿಂದ ಎಚ್‌ಟಿಟಿಪಿಎಸ್ ಜೊತೆಗೆ, ಆಡುವವರೇ ಬಟನ್ ಒತ್ತಿ ಸೆನ್ಸರ್‌ಗೆ ಅನುಮತಿ ಕೊಡ್ಬೇಕು. ಆ ಬಟನ್ನೇ ಅವನು ಇಟ್ಟಿರಲಿಲ್ಲ.

ಅದಕ್ಕೂ ಮೊದಲು ಹಾಲ್‌ನ ವೈಫೈಯಲ್ಲಿ ಪೇಜೇ ತೆರೀಲಿಲ್ಲ. ಗೆಸ್ಟ್ ವೈಫೈಯಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ಐಸೊಲೇಶನ್ ಹಾಕಿರ್ತಾರೆ, ಲ್ಯಾಪ್‌ಟಾಪಿನಲ್ಲಿರುವ ಸರ್ವರ್ ಯಾರಿಗೂ ಸಿಗುದಿಲ್ಲ. ಹಾಟ್‌ಸ್ಪಾಟ್ ಹಾಕಿದ, ಹತ್ತು ಜನ ಸೇರುವಾಗ ಅದೂ ಫುಲ್. ಸ್ಕ್ರೀನ್ ಲಾಕ್ ಆದವರ ವೆಬ್‌ಸಾಕೆಟ್ (ಸರ್ವರ್ ಜೊತೆಗಿನ ಲೈವ್ ಸಂಪರ್ಕ) ಕಡಿದು, ವಾಪಸ್ ಬಂದ್ರೆ ಹೊಸ ಆಟಗಾರ, ಸೊನ್ನೆ ಪಾಯಿಂಟ್. ಆಟಗಾರನ ಐಡಿಯನ್ನು ಅವರ ಬ್ರೌಸರಿನದ್ದೇ ಲೋಕಲ್ ಸ್ಟೋರೇಜ್‌ನಲ್ಲಿಟ್ಟು ಅದೇ ಜಾಗಕ್ಕೆ ಸೇರಿಸ್ಲಿಕ್ಕೆ ಹತ್ತಿಪ್ಪತ್ತು ಸಾಲು ಕೋಡ್ ಸಾಕಿತ್ತು.

ಮರುದಿನದ ಮೆಸೇಜ್ ನೋಡಿ: "ಎಸ್‌ಎಸ್‌ಎಲ್ ಬೇಕಾದ್ರೆ ಎಕ್ಸ್‌ಟ್ರಾ 4,000 ಆಗ್ತದೆ ಸರ್." ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಆ ಸರ್ಟಿಫಿಕೇಟನ್ನು ಪುಕ್ಕಟೆ ಕೊಡ್ತದೆ ಮಾರಾಯ! ಸೋರ್ಸ್ ಕೋಡ್ ಕೇಳಿದ್ರೆ "ಬ್ಯಾಲೆನ್ಸ್ ಆದ ಮೇಲೆ ನೋಡುವ."

ಒಂದೇ ಆಟದಲ್ಲಿ 40 ಜನ ಅನ್ನುವ ಮಾತನ್ನೇ ನಂಬ್ಬಾರದಿತ್ತು. 2014ರಿಂದ ಫೋನಿನಲ್ಲೇ ಆಡುವ ಗೇಮ್‌ಗಳ ಪಾರ್ಟಿ ಪ್ಯಾಕ್ ಮಾಡ್ತಾ ಬಂದ ಜ್ಯಾಕ್‌ಬಾಕ್ಸ್‌ನವರೇ ಹೆಚ್ಚಿನ ಆಟಗಳಲ್ಲಿ ಎಂಟೇ ಜನರನ್ನು ಆಡಿಸಿ, ಉಳಿದವರನ್ನು ಪ್ರೇಕ್ಷಕರಾಗಿ ವೋಟ್ ಹಾಕ್ಲಿಕ್ಕೆ ಬಿಡುದು. 40 ಜನ ಬೇಕೇ ಬೇಕಾದ್ರೆ ನಾಲ್ಕು ತಂಡ ಮಾಡಿ, ತಂಡಕ್ಕೊಂದು ಕೋಣದ ಜೋಡಿ. ಇದನ್ನು ಅವನು ಹೇಳ್ಬೇಕಿತ್ತು, ಹೇಳ್ಲಿಲ್ಲ.

ಡೆಮೊ ನೋಡುದಾದ್ರೆ ನಿಮ್ಮದೇ ಫೋನಿನಲ್ಲಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ. ಒಂದಾದ್ರೂ ಐಫೋನ್ ಇರ್ಲಿ. ಆಟದ ಮಧ್ಯೆ ಲಾಕ್ ಮಾಡಿ ತೆಗೀರಿ. ಡೊಮೇನ್, ಸರ್ವರ್ ಎರಡೂ ನಿಮ್ಮ ಹೆಸರಲ್ಲಿರ್ಲಿ. ಅಡ್ವಾನ್ಸ್ ಕಾಲು ಭಾಗ ಸಾಕು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಬೇಡ.

ಅವನು ಈಗ ಮೆಸೇಜ್ ನೋಡ್ತಾನೆ, ನೀಲಿ ಟಿಕ್ ಬೀಳ್ತದೆ. ಉತ್ತರ ಇಲ್ಲ.