ಟ್ರೈಕೋಡರ್ಮಾ ಪುಡಿ: ಬೆಲೆಗಿಂತ ಮೊದಲು ತಾರೀಖು ನೋಡಿ

ಟಾಲ್ಕ್ ಪುಡಿಯಲ್ಲಿ ಬೆರೆಸಿ ಮಾರುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಒಂದು ಕಿಲೋ ಪೊಟ್ಟಣ ಬುಡಕೊಳೆ, ಬೇರುಕೊಳೆ, ಸಸಿಮಡಿಯಲ್ಲಿ ಸಸಿ ಕೊಳೆತು ಮಲಗುವ ರೋಗ ಇವಿಷ್ಟಕ್ಕೆ ಒಳ್ಳೆಯ ಸರಕು. ಗಿಡ ಬಾಡಿದ ಮೇಲೆ ತಂದು ಸುರಿದು ‘ಏನೂ ಆಗಲಿಲ್ಲ’ ಎನ್ನುವವರೇ ಜಾಸ್ತಿ. ಈ ಶಿಲೀಂಧ್ರ ರೋಗಕ್ಕಿಂತ ಮೊದಲೇ ಮಣ್ಣಲ್ಲಿ ಬೀಡುಬಿಟ್ಟಿರಬೇಕು. ಆಗ ರೈಜೋಕ್ಟೋನಿಯಾ, ಸ್ಕ್ಲೆರೋಷಿಯಂನಂಥ ರೋಗ ತರುವ ಶಿಲೀಂಧ್ರಗಳ ಎಳೆಗೆ ಸುತ್ತಿಕೊಂಡು, ಕಿಣ್ವ ಬಿಟ್ಟು ಅವುಗಳ ಕೋಶದ ಗೋಡೆ ಕರಗಿಸಿ ತಿನ್ನುತ್ತದೆ. ಬ್ಯಾಕ್ಟೀರಿಯಾದಿಂದ ಬರುವ ಸೊರಗಿಗೆ ಇದನ್ನು ನಂಬಿ ಕೂರಬೇಡಿ.

ಪೊಟ್ಟಣದ ಮೇಲೆ ಗ್ರಾಂಗೆ 20 ಲಕ್ಷ ಸಿಎಫ್‌ಯು, ಅಂದರೆ ಮೊಳೆಯಬಲ್ಲ ಕಣಗಳು, ಎಂದಿದ್ದರೆ ಕಿಲೋ ಬೀಜಕ್ಕೆ 10 ಗ್ರಾಂ ಲೆಕ್ಕದಲ್ಲಿ 2 ಕೋಟಿ ಕಣ ಸಿಗುತ್ತವೆ. ಕಿಲೋಗೆ 2,000 ಕಾಳು ತೂಗುವ ಶೇಂಗಾ ಆದರೆ ಕಾಳಿಗೆ 10,000. ಪೊಟ್ಟಣ ಬಿಸಿ ಗೋದಾಮಿನಲ್ಲಿ ಕೂತಷ್ಟೂ ಈ ಸಂಖ್ಯೆ ಇಳಿಯುತ್ತದೆ. ತಯಾರಾಗಿ ನಾಲ್ಕು ತಿಂಗಳು ದಾಟಿದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ ಎನ್ನಿ.

ಜೀವ ಇದೆಯೋ ಇಲ್ಲವೋ ನೋಡಲು ಪ್ರಯೋಗಾಲಯ ಬೇಕಿಲ್ಲ. ಬೇಯಿಸಿ ಆರಿಸಿದ ಧಾನ್ಯವನ್ನು ಕುದಿನೀರಲ್ಲಿ ತೊಳೆದ ಗಾಜಿನ ಬಾಟಲಿಗೆ ಹಾಕಿ, ಚಿಟಿಕೆ ಪುಡಿ ಉದುರಿಸಿ, ಬಾಯಿಗೆ ಹತ್ತಿ ತುರುಕಿ ನೆರಳಲ್ಲಿಡಿ. ಎರಡು ಮೂರು ದಿನಕ್ಕೆ ಬಿಳಿ ಎಳೆ, ನಾಲ್ಕೈದು ದಿನಕ್ಕೆ ಅದರ ಮೇಲೆ ಗಾಢ ಹಸಿರು ತೇಪೆಗಳು ಬರಬೇಕು. ಕೆಲವು ತಳಿಗಳಿಗೆ ತೆಂಗಿನಕಾಯಿಯ ವಾಸನೆಯೂ ಇರುತ್ತದೆ. ಕಪ್ಪು ಪುಡಿಯಂತೆ ಬೆಳೆದರೆ ಅದು ಬೇರೆ ಬೂಷ್ಟು. ಪಕ್ಕದಲ್ಲಿ ಪುಡಿ ಹಾಕದ ಬಾಟಲಿಯೊಂದನ್ನೂ ಇಡಿ. ಅದರಲ್ಲೂ ಹಸಿರು ಬಂದರೆ ಪರೀಕ್ಷೆ ಕೆಟ್ಟಿತೆಂದೇ ಲೆಕ್ಕ.

ಬೀಜಕ್ಕೆ ತೆಳು ಗಂಜಿ ಸವರಿ ಪುಡಿ ಹತ್ತಿಸಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿದರೆ ಸಾಕು. ಇದರ ನಿಜವಾದ ಬಲ ಕಾಣುವುದು ಗೊಬ್ಬರದಲ್ಲಿ. 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1ರಿಂದ 2 ಕಿಲೋ ಪುಡಿ ಬೆರೆಸಿ, ನೆರಳಲ್ಲಿ ಒಂದಡಿ ಎತ್ತರ ಹರಡಿ, ಒದ್ದೆ ಗೋಣಿ ಹೊದಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿದರೆ ಹದಿನೈದು ದಿನದಲ್ಲಿ ಹೊಲಕ್ಕೆ ಹಾಕಬಹುದು. ಹಸಿ ಸಗಣಿ ಬಳಸಿದರೆ ಗುಡ್ಡೆ ಕಾಯುತ್ತದೆ, ಶಿಲೀಂಧ್ರ ಅಲ್ಲೇ ಬೆಂದುಹೋಗುತ್ತದೆ. 25ರಿಂದ 30 ಡಿಗ್ರಿ ಅದಕ್ಕೆ ಹಿತ.

ಕಾರ್ಬೆಂಡಜಿಮ್ ಜೊತೆ ಬೆರೆಸಿದರೆ ಹಾಕಿದ್ದೆಲ್ಲ ವ್ಯರ್ಥ: ಈ ಶಿಲೀಂಧ್ರನಾಶಕಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟದ್ದು ಎಂಬ ಭೇದವಿಲ್ಲ. ಇಷ್ಟನ್ನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಹಾಕುವುದಕ್ಕೆ ಏನು ಕಷ್ಟವೋ!

ದೊಡ್ಡ ದೋಷ ಟಾಲ್ಕ್‌ನದೇ. ಅದು ನೀರಲ್ಲಿ ಕರಗುವುದಿಲ್ಲ. ಲೀಟರಿಗೆ 10 ಗ್ರಾಂ ಕಲಸಿ ಬುಡಕ್ಕೆ ಸುರಿಯುವಾಗ ಆಗಾಗ ಕದಡಬೇಕು, ಹನಿ ನೀರಾವರಿಗೆ ಬಿಟ್ಟರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ಹನಿ ಪೈಪಿನವರು ದ್ರವರೂಪದ್ದನ್ನೇ ಕೊಳ್ಳಲಿ.

ಅಣಬೆ ಬೆಳೆಯುವ ಕೋಣೆಯ ಆಸುಪಾಸಿನಲ್ಲಿ ಮಾತ್ರ ಈ ಪೊಟ್ಟಣ ಬಿಚ್ಚಲೇಬೇಡಿ. ಅಲ್ಲಿ ಹಸಿರು ಬೂಷ್ಟಾಗಿ ಬೆಳೆ ನುಂಗುವುದು ಇದೇ ಟ್ರೈಕೋಡರ್ಮಾ ಕುಲ.